ಕೂಪನ್ ಮೊದಲಾ, ಕಿಲೋ ಲೆಕ್ಕ ಮೊದಲಾ? ತಿಂಗಳ ಸಾಮಾನು ನೀವು ಹೇಗೆ ತರ್ತೀರಿ?

ಕೊಟ್ಟಾರದ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು ಕೊಟ್ಟಾರದಲ್ಲಿ ನಾಲ್ಕು ಜನರ ಮನೆ. ನಾವಿಬ್ಬರು, ಒಂಬತ್ತನೇ ಕ್ಲಾಸಿನ ಮಗ, ಅತ್ತೆ. ಸಾಮಾನಿನ ಖರ್ಚು ಯಾಕೆ ಇಳಿಯುವುದಿಲ್ಲ ಅಂತ ತಿಳಿಯಲಿಕ್ಕೆ ಮೂರು ತಿಂಗಳ ಎಲ್ಲ ಬಿಲ್ಲುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟೆ. ಆ್ಯಪ್‌ನದ್ದಾದರೆ ಸ್ಕ್ರೀನ್‌ಶಾಟ್. ಕಳೆದ ಭಾನುವಾರ ಕೂತು ಕೂಡಿಸಿದೆ.

ಒಂದು ಬಿಲ್ಲು ನೋಡಿ ಬಹಳ ಬೇಜಾರಾಯಿತು. 799 ರೂಪಾಯಿಯ ಮೇಲೆ ತೆಗೆದುಕೊಂಡರೆ 100 ರೂಪಾಯಿ ಕಡಿತ ಅಂತ ಕೂಪನ್ ಬಂದಿತ್ತು. ನನಗೆ ನಿಜವಾಗಿ ಬೇಕಾದದ್ದು ತೊಗರಿಬೇಳೆ, ಸಾಬೂನು, ಚಾಹುಡಿ. ಒಟ್ಟು 536. ಕೂಪನ್ ತಾಗಬೇಕು ಅಂತ ಬಿಸ್ಕತ್ತು, ಜ್ಯೂಸು, ಒಂದು ಸಾಸ್ ಬಾಟಲಿ ಸೇರಿಸಿ 812 ಮಾಡಿದೆ. ಕಡಿತ ಹೋಗಿ 712. ಬೇಕಾದದ್ದಕ್ಕಿಂತ 176 ರೂಪಾಯಿ ಹೆಚ್ಚು ಕೊಟ್ಟು, 100 ಉಳಿಯಿತು ಅಂತ ಆ ದಿನ ಖುಷಿಪಟ್ಟದ್ದು ನೆನಪುಂಟು. ಸಾಸ್ ಬಾಟಲಿಯ ಮುಚ್ಚಳ ಇನ್ನೂ ತೆಗೆದಿಲ್ಲ. ಮೂರು ತಿಂಗಳಲ್ಲಿ ಇಂಥ ಬಿಲ್ಲು ಏಳು ಸಿಕ್ಕಿತು.

ಇನ್ನೊಂದು ತೆಂಗಿನೆಣ್ಣೆ. 2025ರಲ್ಲಿ ಅದರ ಕ್ರಯ ಏರಿದ್ದು ನಮ್ಮ ಊರಿನ ಯಾವ ಮನೆಗೂ ಹೇಳಬೇಕಾಗಿಲ್ಲ. ಪ್ಯಾಕೆಟ್ ಎಣ್ಣೆ ಲೀಟರಿಗೆ 400, ಗಾಣದವರು ಕಿಲೋಗೆ 420 ಹೇಳಿದರು ಅಂತ ಇಟ್ಟುಕೊಳ್ಳಿ. ನಾನು 400ರದ್ದೇ ಅಗ್ಗ ಅಂತ ತರ್ತಿದ್ದೆ. ಆದರೆ ಒಂದು ಲೀಟರ್ ತೆಂಗಿನೆಣ್ಣೆ ತೂಗಿದರೆ ಸುಮಾರು 910 ಗ್ರಾಂ ಮಾತ್ರ. ಪ್ಯಾಕೆಟ್ ಮೇಲೆಯೇ ಬರೆದಿರ್ತದೆ, ನಾನು ನೋಡಿರಲಿಲ್ಲ. ಕಿಲೋ ಲೆಕ್ಕಕ್ಕೆ ತಂದರೆ ಪ್ಯಾಕೆಟ್‌ನದ್ದು 440ರ ಹತ್ತಿರ ಬೀಳ್ತದೆ.

ಕೂಪನ್ ಬೇಡ ಅಂತ ನಾನು ಹೇಳುವುದಲ್ಲ. ಏನು ಬೇಕು, ಎಷ್ಟು ಬೇಕು, ಕಿಲೋಗೆ ಎಷ್ಟು ಬೀಳ್ತದೆ, ಇಷ್ಟು ತೀರ್ಮಾನ ಆದ ಮೇಲೆಯೇ ಕೂಪನ್ ಹುಡುಕಬೇಕು ಅಂತ ನನಗೆ ಈಗ ಅನಿಸ್ತದೆ. ನಿಮ್ಮ ಮನೆಯಲ್ಲಿ ಹೇಗೆ ಮಾಡ್ತೀರಿ? ದಯವಿಟ್ಟು ಲೆಕ್ಕದೊಟ್ಟಿಗೆ ಬರೆಯಿರಿ.

ಮಣಿಪಾಲ ನಿವೃತ್ತ

ಅಮ್ಮಾ, ಲೆಕ್ಕ ಇಟ್ಟದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಅರ್ಧ ಕೆಲಸವನ್ನು ಪ್ಯಾಕೆಟ್ಟೇ ಮಾಡಿ ಕೊಡ್ತದೆ. ಈಗ ಪ್ಯಾಕೆಟ್ ಸಾಮಾನಿನ ಮೇಲೆ ಎಂ.ಆರ್.ಪಿ. ಜೊತೆಗೆ ‘ಯೂನಿಟ್ ಸೇಲ್ ಪ್ರೈಸ್’ ಕೂಡ ಹಾಕಬೇಕು ಅಂತ ನಿಯಮ ಬಂದಿದೆ. ಎಂ.ಆರ್.ಪಿ.ಯ ಹತ್ತಿರವೇ ಯು.ಎಸ್.ಪಿ. ಅಂತ ಸಣ್ಣ ಅಕ್ಷರದಲ್ಲಿ ಇರ್ತದೆ. ಒಂದು ಕಿಲೋಗಿಂತ ಕಡಿಮೆ ತೂಕದ್ದಾದರೆ ಒಂದು ಗ್ರಾಂಗೆ ಎಷ್ಟು, ಕಿಲೋಗಿಂತ ಹೆಚ್ಚಿನದ್ದಾದರೆ ಒಂದು ಕಿಲೋಗೆ ಎಷ್ಟು. ಎಣ್ಣೆ, ಶಾಂಪೂ ಮುಂತಾದ್ದಕ್ಕೆ ಮಿಲಿಲೀಟರ್, ಲೀಟರ್. 200 ಗ್ರಾಮಿನ ಪ್ಯಾಕೆಟ್ ಮೇಲೆ 0.62 ಅಂತ ಇದ್ದರೆ ಸಾವಿರದಿಂದ ಗುಣಿಸಿ, ಕಿಲೋಗೆ 620 ಆಯಿತು. ನನಗೆ ಕಣ್ಣಿಗೆ ಕಾಣುವುದಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದ್ತೇನೆ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತ ನಂಬಬೇಡಿ. ಶಾಂಪೂ ನೋಡಿ. 2 ರೂಪಾಯಿಯ ಸ್ಯಾಶೆಯಲ್ಲಿ 6 ಮಿಲಿ ಇದ್ದರೆ 100 ಮಿಲಿಗೆ 33 ರೂಪಾಯಿ ಚಿಲ್ಲರೆ. ಅದೇ ಕಂಪನಿಯ ಬಾಟಲಿಯನ್ನು ಈ ಲೆಕ್ಕಕ್ಕೆ ಇಟ್ಟು ನೋಡಿ. ಬಹಳ ಸಲ ಬಾಟಲಿಯೇ ದುಬಾರಿ.

ನಂದಿನಿ ಹಾಲಿನದ್ದೂ ಒಳ್ಳೆಯ ಉದಾಹರಣೆ. 2024ರ ಜೂನ್‌ನಲ್ಲಿ 42 ರೂಪಾಯಿಯ ಲೀಟರ್ ಪ್ಯಾಕೆಟ್ 44 ಆದಾಗ ನಮ್ಮ ಓಣಿಯಲ್ಲಿ ಎಲ್ಲರೂ ಹಾಲಿನ ಕ್ರಯ ಏರಿತು ಅಂದರು. ಆದರೆ ಪ್ಯಾಕೆಟ್ಟಿನಲ್ಲಿ 1,050 ಮಿಲಿ ಇತ್ತು. ಭಾಗಿಸಿ ನೋಡಿದರೆ ಲೀಟರಿಗೆ 41 ರೂಪಾಯಿ 90 ಪೈಸೆ. ನಿಜವಾಗಿ ಏರಿದ್ದು 2025ರ ಏಪ್ರಿಲ್‌ನಲ್ಲಿ, ಲೀಟರಿಗೆ 4 ರೂಪಾಯಿ ಏರಿಸಿ ಆ ಹೆಚ್ಚುವರಿ 50 ಮಿಲಿಯನ್ನೂ ತೆಗೆದಾಗ. ಕ್ರಯ ಮಾತ್ರ ನೋಡಿ ಅಳತೆ ನೋಡದಿದ್ದರೆ ಎರಡು ಸಲವೂ ನಮಗೆ ತಪ್ಪು ತಿಳಿಯುತ್ತದೆ.

ದೇರಳಕಟ್ಟೆ ಪಿ.ಜಿ.

ಅಕ್ಕ, ಕೂಪನ್ ಬಗ್ಗೆ ನನ್ನ ಅನುಭವ ಬೇರೆ. ನಾವು ಮೂವರು ಹುಡುಗಿಯರು ಒಂದು ರೂಮಿನಲ್ಲಿ. ಒಬ್ಬಳಿಗೆ ಬೇಕಾದದ್ದು 250ರದ್ದು ಇರ್ತದೆ, ಅದಕ್ಕೆ ಯಾವ ಕೂಪನ್ನೂ ತಾಗುವುದಿಲ್ಲ, ಡೆಲಿವರಿ ಚಾರ್ಜ್ ಬೇರೆ. ಆದ್ದರಿಂದ ಬುಧವಾರದವರೆಗೆ ಪಟ್ಟಿ ಮಾಡಿ ಮೂವರದ್ದೂ ಒಟ್ಟಿಗೆ ಆರ್ಡರ್ ಹಾಕ್ತೇವೆ. ಬೇಡದ್ದನ್ನು ಸೇರಿಸದೆಯೇ 800 ದಾಟ್ತದೆ. ತಿಂಗಳಿಗೆ ಮೂವರಿಗೂ ಸೇರಿ 350ರಿಂದ 400 ಉಳಿಯುತ್ತದೆ. ನಮಗೆ ಅದು ಸಣ್ಣ ದುಡ್ಡಲ್ಲ.

ಹಣ ಕೊಡುವ ಮೊದಲು ಬಿಲ್ಲನ್ನು ಕೊನೆಯವರೆಗೆ ಎಳೆದು ನೋಡಿ ಅಂತ ಎಲ್ಲರಿಗೂ ಹೇಳ್ತೇನೆ. ಪ್ಲಾಟ್‌ಫಾರ್ಮ್ ಫೀ, ಹ್ಯಾಂಡ್ಲಿಂಗ್, ಸಣ್ಣ ಆರ್ಡರಿನ ಚಾರ್ಜ್, ಮಳೆಯ ಚಾರ್ಜ್, ಎಲ್ಲ ಅಲ್ಲಿ ಅಡಗಿರ್ತದೆ. ಒಂದು ಸಲ ನಾನು ಒತ್ತದೆಯೇ ದೇಣಿಗೆ ಅಂತ 3 ರೂಪಾಯಿ ಸೇರಿತ್ತು. ನಮ್ಮ ಒಪ್ಪಿಗೆ ಇಲ್ಲದೆ ಹೀಗೆ ಬುಟ್ಟಿಗೆ ಸೇರಿಸುವುದು, ಕೊನೆಯಲ್ಲಿ ಚಾರ್ಜು ತೋರಿಸುವುದು, ‘ಇನ್ನು ಎರಡೇ ಉಳಿದಿದೆ’ ಅಂತ ಸುಳ್ಳು ಅವಸರ ಹುಟ್ಟಿಸುವುದು, ಇವೆಲ್ಲ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಬರ್ತದೆ. ಒಟ್ಟು 13 ಬಗೆ ಪಟ್ಟಿ ಮಾಡಿದ್ದಾರೆ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಕೊಟ್ಟಾರದ ಮನೆ

ಮೂವರು ಸೇರಿ ಹಾಕುವುದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಮಹಡಿಯಲ್ಲಿಯೇ ನಾಲ್ಕು ಮನೆ ಉಂಟು.

ಕಿನ್ನಿಗೋಳಿ ಕಡೆಯ ಅಂಗಡಿ

ಇಲ್ಲಿ ಅಂಗಡಿಯವರು ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ನನ್ನದು ಜೀನಸಿನ ಅಂಗಡಿ, ಅಪ್ಪನ ಕಾಲದ್ದು.

ದೊಡ್ಡ ಮಳಿಗೆಯಲ್ಲಿ ಡಿಟರ್ಜೆಂಟ್ ಎಂ.ಆರ್.ಪಿ.ಗಿಂತ 30 ರೂಪಾಯಿ ಕಡಿಮೆಗೆ ಸಿಗ್ತದೆ, ನಿಮ್ಮಲ್ಲಿ ಯಾಕಿಲ್ಲ ಅಂತ ದಿನಕ್ಕೆ ಇಬ್ಬರಾದರೂ ಕೇಳ್ತಾರೆ. ಕೇಳುವುದು ತಪ್ಪಲ್ಲ. ಅವರು ಲಾರಿಗಟ್ಟಲೆ ಕಂಪನಿಯಿಂದಲೇ ನೇರ ತರಿಸ್ತಾರೆ. ನಾನು ಡಿಸ್ಟ್ರಿಬ್ಯೂಟರ್ ಹತ್ತಿರ ಎರಡು ಪೆಟ್ಟಿಗೆ ತೆಗೆದುಕೊಳ್ಳುವವನು. ಕೆಲವೊಮ್ಮೆ ಡಜನಿಗೆ ಒಂದು ಫ್ರೀ ಅಂತ ಸ್ಕೀಮ್ ಬರ್ತದೆ, ಆಗ ಬೇಕಾದರೆ ಗಿರಾಕಿಗೆ ಸ್ವಲ್ಪ ಬಿಟ್ಟುಕೊಡಬಹುದು. ಪ್ಯಾಕೆಟ್ ಸಾಮಾನಿನಲ್ಲಿ ನಾನು ಅವರೊಟ್ಟಿಗೆ ಸ್ಪರ್ಧೆ ಮಾಡಲು ಆಗುವುದಿಲ್ಲ, ಅದನ್ನು ಅಲ್ಲಿಯೇ ತೆಗೆದುಕೊಳ್ಳಿ, ನನಗೆ ಬೇಸರ ಇಲ್ಲ.

ಆದರೆ ಬೆಲ್ಲ, ಕುಮ್ಟೆ ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಕುಚ್ಚಲಕ್ಕಿ ಇವುಗಳಲ್ಲಿ ನನ್ನ ಕ್ರಯವನ್ನು ಒಮ್ಮೆ ಹೋಲಿಸಿ ನೋಡಿ. ಅಕ್ಕಿ ಐದೈದು ಕಿಲೋ ಒಯ್ಯುವವರು ಮೂಟೆಯ ಕ್ರಯ ಎಷ್ಟು ಅಂತ ಕೇಳಿಯೇ ಇಲ್ಲ. ಕೇಳಿದರೆ ನಾನು ಹೇಳ್ತೇನೆ, ಕೇಳದಿದ್ದರೆ ಹೇಗೆ ಹೇಳಲಿ? ನಗದು ಕೊಟ್ಟು ತಿಂಗಳ ಸಾಮಾನು ಒಟ್ಟಿಗೆ ಕಟ್ಟಿಸುವವರಿಗೆ ಒಂದು ಕ್ರಯ, ಪುಸ್ತಕದಲ್ಲಿ ಕಡ ಬರೆಸಿ ಮುಂದಿನ ತಿಂಗಳು ಕೊಡುವವರಿಗೆ ಇನ್ನೊಂದು, ಇದು ನನ್ನಲ್ಲಿ ಉಂಟು. ಕೊರೊನಾ ಸಮಯದಲ್ಲಿ ಎಷ್ಟೋ ಮನೆಗೆ ಬರೆದು ಕೊಟ್ಟದ್ದು ಇದೇ ಪುಸ್ತಕದಲ್ಲಿ. ಆ ಪುಸ್ತಕಕ್ಕೂ ಒಂದು ಕ್ರಯ ಉಂಟು ಅಂತ ಲೆಕ್ಕ ಹಾಕುವಾಗ ನೆನಪಿಡಿ.

ಮತ್ತೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಾಕುವ ಎಣ್ಣೆ, ಬಿಸ್ಕತ್ತು ಇವುಗಳ ಜಿ.ಎಸ್.ಟಿ. ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಬೆಣ್ಣೆ, ತುಪ್ಪ 12ರಿಂದ 5ಕ್ಕೆ. ಅದಕ್ಕಿಂತ ಮೊದಲಿನ ಕ್ರಯ ಪುಸ್ತಕದಲ್ಲಿ ಇಟ್ಟುಕೊಂಡು ಹೋಲಿಸಿದರೆ ಎಲ್ಲವೂ ಅಗ್ಗದ ಹಾಗೆ ಕಾಣ್ತದೆ. 5, 10 ರೂಪಾಯಿಯ ಸಣ್ಣ ಪ್ಯಾಕುಗಳಲ್ಲಿ ಕೆಲವು ಕಂಪನಿಯವರು ಕ್ರಯ ಇಳಿಸದೆ ಗ್ರಾಂ ಹೆಚ್ಚಿಸಿದ್ದಾರೆ. ಹೊಸದಾಗಿ ಬರೆದುಕೊಳ್ಳಿ.

ಉರ್ವಾಸ್ಟೋರ್

ಅಣ್ಣ, ನಿಮ್ಮ ಮಾತಿಗೆ ಗೌರವ ಉಂಟು. ಆದರೆ ಬಿಡಿ ಸಾಮಾನಿನ ತೂಕ ಹೇಗೆ ನಂಬುವುದು? ಒಂದು ಅಂಗಡಿಯಲ್ಲಿ ಸ್ವೀಟ್ ತೆಗೆದುಕೊಂಡಾಗ ಪೆಟ್ಟಿಗೆ ಸಮೇತ ತೂಗಿದರು. ಮನೆಗೆ ಬಂದು ನೋಡಿದರೆ ಖಾಲಿ ಪೆಟ್ಟಿಗೆಯೇ 70 ಗ್ರಾಂ. ಕಿಲೋಗೆ 600ರ ಸ್ವೀಟಿನಲ್ಲಿ ರಟ್ಟಿಗೆ 42 ರೂಪಾಯಿ ಕೊಟ್ಟ ಹಾಗಾಯಿತು.

ಕಿನ್ನಿಗೋಳಿ ಕಡೆಯ ಅಂಗಡಿ

ಅದು ತಪ್ಪೇ. ಪೆಟ್ಟಿಗೆಯ ತೂಕ ಕಳೆದೇ ಕೊಡಬೇಕು, ಕಾನೂನೂ ಹಾಗೇ ಉಂಟು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಯಿಂದ ಸೀಲು ಹಾಕಿಸಬೇಕು. ಸರ್ಟಿಫಿಕೇಟ್ ತೋರಿಸಿ ಅಂತ ಯಾರು ಕೇಳಿದರೂ ನಾನು ತೋರಿಸ್ತೇನೆ. ಸಾಮಾನು ತಕ್ಕಡಿಯಲ್ಲಿ ಇಡುವ ಮೊದಲು ಸೊನ್ನೆ ಉಂಟಾ ಅಂತ ನೋಡಿ, ಸಂಕೋಚ ಪಡಬೇಡಿ.

ಕುಂದಾಪ್ರದಿಂದ

ನಾನು ಆ್ಯಪ್ ಬಳಸುವವಳಲ್ಲ ಮರ್ರೆ. ನಮಗೆ ಶನಿವಾರದ ಸಂತೆ. ಉಡುಪಿಯವರಿಗೆ ಬುಧವಾರ ಆದಿಉಡುಪಿ ಉಂಟಲ್ಲ, ಹಾಗೆ. ಬೆಳಿಗ್ಗೆ ಹೋದರೆ ಊರಿನ ಹರಿವೆ, ಬಸಳೆ, ಅಲಸಂಡೆ ಒಳ್ಳೆಯದು ಸಿಗ್ತದೆ. ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ ಹೋದರೆ ಟೊಮೆಟೊ, ಬೀನ್ಸ್, ಕ್ಯಾಬೇಜ್ ಇವೆಲ್ಲ ಘಟ್ಟದ ತರಕಾರಿ ಕಡಿಮೆಗೆ ಬಿಡ್ತಾರೆ, ತಿರುಗಿ ಲಾರಿಗೆ ಹೇರುವುದು ಯಾರಿಗೂ ಬೇಡ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲೋ ಚಾರ್ಮಾಡಿ ಘಾಟಿಯಲ್ಲೋ ಗುಡ್ಡ ಕುಸಿದರೆ ಘಟ್ಟದ ತರಕಾರಿಗೆ ಕೈ ಹಾಕಬೇಡಿ. ಆ ವಾರ ತೊಂಡೆಕಾಯಿ, ಕೆಸುವಿನ ಎಲೆ, ಹಲಸಿನ ಬೀಜದಲ್ಲಿ ಕಳೆಯಿರಿ. ನಮ್ಮ ಅಜ್ಜಿ ಆಟಿ ತಿಂಗಳು ಕಳೆದದ್ದು ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಮಾವಿನಕಾಯಿ, ಹಪ್ಪಳದಲ್ಲೇ. ಅವರು ಬೇಸಿಗೆಯಲ್ಲಿಯೇ ಮಳೆಗಾಲದ ಕ್ರಯ ನೋಡಿಕೊಂಡವರು.

ಈಗ ನನಗೆ ಆದ ನಷ್ಟ ಹೇಳ್ತೇನೆ, ಯಾಕೆಂದರೆ ಇದನ್ನು ಬೆಂಗಳೂರಿನವರ ವಿಡಿಯೋದಲ್ಲಿ ಯಾರೂ ಹೇಳುವುದಿಲ್ಲ. ಒಂದು ತೆಗೆದುಕೊಂಡರೆ ಒಂದು ಫ್ರೀ ಅಂತ ಜೂನ್ ತಿಂಗಳಲ್ಲಿ ರವೆ, ಕಡ್ಲೆಹಿಟ್ಟು, ಗೋಧಿಹಿಟ್ಟು ಎಲ್ಲ ಐದೈದು ಕಿಲೋ ತಂದೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತುಂಟು. ಗೋಡೆಗೆ ಕೈ ಇಟ್ಟರೆ ಒದ್ದೆ, ಬಟ್ಟೆ ಮೂರು ದಿನ ಒಣಗುವುದಿಲ್ಲ. ಜುಲೈ ಮುಗಿಯುವಷ್ಟರಲ್ಲಿ ರವೆಯಲ್ಲಿ ಹುಳು, ಕಡ್ಲೆಹಿಟ್ಟು ಕಹಿ, ಡಿಟರ್ಜೆಂಟ್ ಪುಡಿ ಕಲ್ಲಿನ ಹಾಗೆ ಗಟ್ಟಿ. 380 ರೂಪಾಯಿ ಉಳಿಸಿದೆ ಅಂತ ಇದ್ದೆ, ಬಿಸಾಡಿದ್ದು ಆರುನೂರರದ್ದು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಟ್ಟು, ರವೆ, ಮಸಾಲೆ ಪುಡಿ ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ. ಕಿಲೋಗೆ ಎರಡು ರೂಪಾಯಿ ಹೆಚ್ಚಾದರೂ ಅದೇ ಅಗ್ಗ. ಅಕ್ಕಿ, ಉಪ್ಪು, ಸಾಬೂನು ಬಿಲ್ಲೆ ಮಾತ್ರ ಹೆಚ್ಚು ತಂದಿಡಬಹುದು. ಅಕ್ಕಿಯನ್ನೂ ನೆಲದ ಮೇಲೆ ಇಡಬೇಡಿ, ಹಲಗೆಯ ಮೇಲೆ.

ಮಣಿಪಾಲ ನಿವೃತ್ತ

ಈ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಕ್ರಯದ ಪಕ್ಕದಲ್ಲಿ ‘ಎಷ್ಟು ದಿನ ಬರ್ತದೆ’ ಅಂತ ಇನ್ನೊಂದು ಸಾಲು ಬೇಕು.

ಮಲ್ಪೆ ಹತ್ತಿರ

ಮೀನಿನ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಮನೆಯಲ್ಲಿ ತರಕಾರಿಗಿಂತ ಮೀನಿಗೇ ಹೆಚ್ಚು ಹೋಗುವುದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ. ಆಗ ಮಂಜುಗಡ್ಡೆಯ ಮೀನಿಗೆ ತಾಜಾದ ಕ್ರಯ ಕೊಡಬೇಡಿ. ಬೇಸಿಗೆಯಲ್ಲಿ ಒಣಮೀನು ತೆಗೆದಿಟ್ಟರೆ ಒಳ್ಳೆಯದು. ಆಗಸ್ಟ್ ಕಳೆದು ಬೂತಾಯಿ, ಬಂಗುಡೆ ರಾಶಿ ಬೀಳುವ ದಿನ ಬರ್ತದೆ, ಬೆಳಿಗ್ಗೆಗೂ ಸಂಜೆಗೂ ಕ್ರಯ ಬೇರೆ. ಅಂಜಲ್, ಮಾಂಜಿ ಬಿಡಿ, ಅದು ಮದುವೆ ಮನೆಯವರು ಇರುವಾಗ ಇಳಿಯುವುದಿಲ್ಲ.

ಹೋಲಿಸುವುದು ಹೇಗೆ ಅಂದರೆ, ಮೀನು ಮಾರುವ ಅಕ್ಕಂದಿರು ಬಂಗುಡೆಯನ್ನು ಲೆಕ್ಕದಲ್ಲಿ ಕೊಡ್ತಾರೆ, ನೂರು ರೂಪಾಯಿಗೆ ಇಷ್ಟು ಅಂತ. ಆ್ಯಪಿನಲ್ಲಿ ಗ್ರಾಸ್ ತೂಕ, ನೆಟ್ ತೂಕ ಅಂತ ಎರಡು ಇರ್ತದೆ. ಕ್ಲೀನ್ ಮಾಡುವ ಮೊದಲಿನದ್ದು ಒಂದು, ನಿಮ್ಮ ಕೈಗೆ ಬರುವುದು ಇನ್ನೊಂದು. ನಾನು ಒಂದು ದಿನ ಮನೆಯಲ್ಲಿ ತೂಗಿದೆ. ಒಂದು ಕಿಲೋ ಬಂಗುಡೆ ತಲೆ, ಕರುಳು, ರೆಕ್ಕೆ ತೆಗೆದ ಮೇಲೆ 660 ಗ್ರಾಂ ಉಳಿಯಿತು. ಕಿಲೋಗೆ 200ರ ಇಡೀ ಮೀನು ಅಂದರೆ ತಿನ್ನುವ ಮೀನಿಗೆ 300ರ ಹತ್ತಿರ ಬಿತ್ತು. ಕ್ಲೀನ್ ಮಾಡಿದ್ದು 320ಕ್ಕೆ ಸಿಕ್ಕಿದರೆ, ಆಫೀಸಿಗೆ ಹೋಗುವವರಿಗೆ ಅದು ದುಬಾರಿ ಅಲ್ಲ. 450 ಆದರೆ ಬೇಡ.

ನಾವು ಐದು ಮನೆಯವರು ಸೇರಿ ಬಂದರಿಗೆ ಹೋಗಿ ಏಲಂನಲ್ಲಿ ಒಂದು ಬುಟ್ಟಿ ಹಿಡಿದು ಪಾಲು ಮಾಡುವುದು. ತಿಂಗಳಿಗೆ ಎರಡು ಸಲ. ಬೆಳಿಗ್ಗೆ ಬೇಗ ಏಳಬೇಕು, ಅಷ್ಟೇ ಕಷ್ಟ.

ಶಂಕರಪುರದಿಂದ

ನಮ್ಮಲ್ಲಿ ಮಲ್ಲಿಗೆಯ ಕ್ರಯ ದಿನಾ ನಿಗದಿಯಾಗ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಇವತ್ತು ಅಟ್ಟೆಗೆ ಎಷ್ಟು ಅಂತ ಬೆಳೆದವರಿಗೂ ಕಟ್ಟಿದವರಿಗೂ ಮಾರುವವರಿಗೂ ಗೊತ್ತು. ಬೇರೆ ಸಾಮಾನಿಗೂ ಹೀಗೆ ಇವತ್ತಿನ ಕ್ರಯ ಎಲ್ಲರಿಗೂ ಗೊತ್ತಿರ್ತಿದ್ದರೆ ಎಷ್ಟು ಚಂದ ಅಂತ ಯಾವಾಗಲೂ ಅನಿಸ್ತದೆ. ಇಲ್ಲಿ ನಾವೇ ವಾರಕ್ಕೊಮ್ಮೆ ತೆಂಗಿನೆಣ್ಣೆ, ಕುಚ್ಚಲಕ್ಕಿ, ಬೆಲ್ಲ, ತೊಗರಿಬೇಳೆ, ಬಂಗುಡೆ, ಈ ಐದರ ಕ್ರಯ ಊರಿನ ಹೆಸರಿನೊಟ್ಟಿಗೆ ಹಾಕಬಹುದಲ್ವಾ?

ದೇರಳಕಟ್ಟೆ ಪಿ.ಜಿ.

ನಾನು ಹಾಕ್ತೇನೆ. ಗುರುವಾರ.

ಕಂಕನಾಡಿಯವನು

ಸಾಮಾನಿನ ವಿಷಯದಲ್ಲಿ ಮದ್ದು ತಂದದ್ದಕ್ಕೆ ಕ್ಷಮಿಸಿ. ಆದರೆ ನಮ್ಮ ಮನೆಯಲ್ಲಿ ಅಕ್ಕಿಗಿಂತ ಮದ್ದಿಗೆ ಹೆಚ್ಚು ಖರ್ಚು. ಅಪ್ಪನಿಗೆ ಬಿ.ಪಿ., ಅಮ್ಮನಿಗೆ ಸಕ್ಕರೆ ಕಾಯಿಲೆ ಮತ್ತು ಕೊಲೆಸ್ಟ್ರಾಲ್. ತಿಂಗಳಿಗೆ 2,300 ಆಗ್ತಿತ್ತು. ಮೆಡಿಕಲ್‌ನವರು ನೂರಕ್ಕೆ 15 ಕಡಿತ ಕೊಡುವುದನ್ನೇ ನಾವು ದೊಡ್ಡದು ಅಂತ ತಿಳಿದಿದ್ದೆವು.

ಡಾಕ್ಟರ ಹತ್ತಿರ ಕೇಳಿ, ಬ್ರ್ಯಾಂಡ್ ಹೆಸರಿನ ಬದಲು ಮದ್ದಿನ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋದೆ. ಆರರಲ್ಲಿ ಐದು ಮಾತ್ರೆ ಅಲ್ಲಿ ಇತ್ತು. ಈಗ ತಿಂಗಳಿಗೆ 800ರ ಒಳಗೆ. ‘ಜನೌಷಧಿ ಸುಗಮ್’ ಅಂತ ಆ್ಯಪ್ ಉಂಟು, ಹತ್ತಿರದ ಕೇಂದ್ರ ಎಲ್ಲಿ, ಯಾವ ಮದ್ದಿಗೆ ಎಷ್ಟು ಅಂತ ಅದರಲ್ಲೇ ನೋಡಬಹುದು. ನಾನು ಇಲ್ಲಿ ಬರೆಯಲಿಕ್ಕೆ ಕಾರಣ ಇದೇ. ಕೂಪನ್ನಿನಲ್ಲಿ ವರ್ಷವಿಡೀ ಉಳಿಸಿದ್ದಕ್ಕಿಂತ ಹೆಚ್ಚು ಇದರಲ್ಲಿ ಎರಡು ತಿಂಗಳಲ್ಲಿ ಉಳಿಯಿತು.

ಮೂಲ ಹೆಸರು ಒಂದೇ ಆದರೆ ಸಾಲದು. ಎಷ್ಟು ಮಿಲಿಗ್ರಾಂ, ಹೆಸರಿನ ಕೊನೆಗೆ ಎಸ್.ಆರ್., ಇ.ಆರ್. (ನಿಧಾನವಾಗಿ ಕರಗುವ ಮಾತ್ರೆಯ ಗುರುತು) ಅಂತ ಉಂಟಾ, ಎಲ್ಲ ತಾಳೆಯಾಗಬೇಕು. ಥೈರಾಯ್ಡ್, ಅಪಸ್ಮಾರದ ಮದ್ದುಗಳನ್ನಂತೂ ಡಾಕ್ಟರನ್ನು ಕೇಳದೆ ಬದಲಾಯಿಸಲೇಬೇಡಿ.

ಕೊಟ್ಟಾರದ ಮನೆ

ಅತ್ತೆಯ ಮಾತ್ರೆಯ ಚೀಟಿ ಈಗಲೇ ತೆಗೆದಿಟ್ಟೆ. ಮುಂದಿನ ವಾರ ಡಾಕ್ಟರ ಹತ್ತಿರ ಹೋಗ್ಲಿಕ್ಕುಂಟು, ಕೇಳ್ತೇನೆ. ನಿಮಗೆ ಬಹಳ ಉಪಕಾರವಾಯಿತು.

ಉರ್ವಾಸ್ಟೋರ್

ಎಲ್ಲರಿಗೂ ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ಒಂದು ದೊಡ್ಡ ಮಳಿಗೆಯ ಹೆಸರಿನಲ್ಲಿ ವಾರ್ಷಿಕೋತ್ಸವದ ಕೂಪನ್, 2,000 ರೂಪಾಯಿ ಅಂತ ಲಿಂಕ್ ಬರ್ತಾ ಉಂಟು. ನಮ್ಮ ದೊಡ್ಡಮ್ಮ ಒತ್ತಿದರು. ಹಣ ಬರಲಿಕ್ಕೆ ಯು.ಪಿ.ಐ. ಪಿನ್ ಹಾಕಿ ಅಂತ ಕೇಳಿತು, ಹಾಕಿದರು, 4,999 ಹೋಯಿತು. ಹಣ ನಮಗೆ ಬರಲಿಕ್ಕೆ ಪಿನ್ ಎಂದಿಗೂ ಬೇಡ. ಪಿನ್ ಕೇಳಿದರೆ ಹಣ ಹೋಗುವುದು ಅಂತಲೇ ಅರ್ಥ. ಹಾಗೇನಾದರೂ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೊಡ್ಡಮ್ಮ ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಕೈಮೀರಿತ್ತು. ಮನೆಯ ಹಿರಿಯರಿಗೆ ಬೈಯಬೇಡಿ, ಕೂತು ತೋರಿಸಿ ಕೊಡಿ.

ಮಣಿಪಾಲ ನಿವೃತ್ತ

ಇನ್ನೊಂದು ವಿಷಯ ಹೇಳಬೇಕು. ಉಳಿದ ಹಣ ಎಲ್ಲಿ ಹೋಯಿತು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬೇಳೆಯಲ್ಲಿ 18 ಉಳಿಯಿತು, ಅದು ಬರುವ ದಾರಿಯಲ್ಲಿ ಐಸ್‌ಕ್ರೀಮಿಗೆ ಹೋಯಿತು. ನಮ್ಮ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ಕೊಂಡುಹೋಗುತ್ತಿದ್ದರು. ಬೀಡಿ ಕಟ್ಟುವವರು, ಮೀನು ಮಾರುವವರು ಪಿಗ್ಮಿ ಹಣದಲ್ಲಿ ಮಗಳ ಮದುವೆಗೆ ಬಂಗಾರ ಮಾಡಿದ್ದನ್ನು ನಾನು ಕೆಲಸದಲ್ಲಿ ಇದ್ದಾಗ ಕಣ್ಣಾರೆ ಕಂಡಿದ್ದೇನೆ. ಬ್ಯಾಂಕ್ 2020ರಲ್ಲಿ ಕೆನರಾದೊಟ್ಟಿಗೆ ಸೇರಿತು. ನಾನು ಈಗ ಸಂಜೆ ಬಿಲ್ಲು ನೋಡಿ ಉಳಿದದ್ದನ್ನು ಅದೇ ದಿನ ಬೇರೆ ಖಾತೆಗೆ ಹಾಕ್ತೇನೆ. 18 ಆದರೆ 18.

ಕೊಟ್ಟಾರದ ಮನೆ

ಎಲ್ಲ ಓದಿ ಅತ್ತೆಗೂ ಓದಿ ಹೇಳಿದೆ. ಮಗ ಪುಸ್ತಕದಲ್ಲಿ ಗೆರೆ ಹಾಕಿ ಕೊಟ್ಟಿದ್ದಾನೆ. ಸಾಮಾನು, ಅಂಗಡಿ, ಕಿಲೋಗೆ ಎಷ್ಟು, ಎಷ್ಟು ದಿನ ಬಂತು. ಎಲ್ಲ ಸಾಮಾನು ಬರೆಯಲಿಕ್ಕೆ ಹೋದರೆ ಒಂದು ವಾರದಲ್ಲಿ ಬಿಟ್ಟು ಬಿಡ್ತೇವೆ ಅಂತ ಹೆಚ್ಚು ಹಣ ಹೋಗುವ ಹನ್ನೆರಡನ್ನು ಮಾತ್ರ ತೆಗೆದುಕೊಂಡಿದ್ದೇವೆ. ನಮ್ಮ ಮಹಡಿಯ ಎರಡು ಮನೆಯವರು ಒಟ್ಟಿಗೆ ಆರ್ಡರ್ ಹಾಕಲಿಕ್ಕೆ ಒಪ್ಪಿದ್ದಾರೆ. ಮೂರನೆಯವರು ತಮ್ಮ ಸಾಮಾನು ಇನ್ನೊಬ್ಬರಿಗೆ ಗೊತ್ತಾಗುವುದು ಬೇಡ ಅಂದರು, ಅದೂ ಸರಿಯೇ.

ಭಾನುವಾರ ಗಾಣಕ್ಕೆ ಹೋಗ್ತೇನೆ. ಕಿಲೋದ ಕ್ರಯವೂ ಲೀಟರಿನ ಕ್ರಯವೂ ಕೇಳಿ ಇಲ್ಲಿ ಹಾಕ್ತೇನೆ.

ಕಿನ್ನಿಗೋಳಿ ಕಡೆಯ ಅಂಗಡಿ

ಅಕ್ಕ, ಡಬ್ಬಿ ನಿಮ್ಮದೇ ತೆಗೆದುಕೊಂಡು ಹೋಗಿ, ಚೆನ್ನಾಗಿ ಒಣಗಿದ್ದು. ನೀರಿನ ಪಸೆ ಇದ್ದರೆ ಎಣ್ಣೆ ಬೇಗ ಕನರು ವಾಸನೆ ಬರ್ತದೆ. ಖಾಲಿ ಡಬ್ಬಿಯನ್ನು ಮೊದಲು ತೂಗಿಸಲಿಕ್ಕೆ ಮರೆಯಬೇಡಿ.